ಹಳದಿ ಪಟ್ಟೆಯೊಳಗಿನ ಕುಂಕುಮ

ಸ್ನೇಹಿತರೇ, ಮಗಳ ಕೋಣೆಯ ಬಿಳಿ ಗೋಡೆಗೆ ಹಳದಿ ಪಟ್ಟೆ ಬಳಿಯಲೆಂದು ಇವತ್ತು ಬೆಳಗಿನಿಂದ ಸ್ಟೂಲ್ ಹತ್ತಿ ಇಳಿದು, ಯಲಹಂಕದಿಂದ ತಂದ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಎರಡು ಟೇಪಿನ ನಡುವೆ ಬಣ್ಣ ಬಳಿದು ಟೇಪ್ ಕಿತ್ತರೆ ಗೆರೆ ನೆಟ್ಟಗೆ ಬರುತ್ತದೆ. ಕಾಫಿ ಕುಡಿದು ಬಂದು ನೋಡುತ್ತೇನೆ, ಬಿಳಿಯಾಗಿಯೇ ಉಳಿಯಬೇಕಾದ ಜಾಗದಲ್ಲಿ ಅರಿಶಿನ, ಕುಂಕುಮ!

“ಏನತ್ತೆ ಇದು?” ಎಂದು ಕಿರುಚಿದೆ.

“ಹೊಸ ಕೆಲ್ಸ ಕಣಮ್ಮ. ಪೂಜೆ ಮಾಡ್ದೆ ಹಂಗೇ ಬಳಿಯೋಕಾಗುತ್ತಾ?”

ಸಿಟ್ಟಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ. ಗೋಡೆ ಅಂಗೈಯಗಲ ಕೆಂಪಾಯಿತು. ಅತ್ತೆ ಬೈಸಿಕೊಂಡ ಮಗುವಿನ ಹಾಗೆ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು. ಟೇಪ್ ಕಿತ್ತು ಆಚೆಗೆ ಸರಿಸಿ ಅಂಟಿಸಿದೆ. ಬಣ್ಣ ಬಳಿದ ಮೇಲೆ ಕಲೆ ಹಳದಿಯೊಳಗೆ ಸೇರಿಕೊಂಡಿತು.

ಸಂಜೆ ಶಾಲೆಯಿಂದ ಬಂದ ಮಗಳು, “ಅಮ್ಮಾ, ಇದೊಂದು ಪಟ್ಟೆ ಯಾಕೆ ದಪ್ಪ?” ಎಂದಳು.

“ಅದು ಅಜ್ಜೀದು, ಪುಟ್ಟಿ.”

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಅರಳಿತು. “ನಾಳೆ ಆ ಎದುರು ಗೋಡೆನಾ?”

ಹೌದು. ಕುಂಕುಮ ಇಡುವುದಕ್ಕೆಂದೇ ಆ ಗೋಡೆಯ ಮೇಲೆ ಟೇಪಿನಲ್ಲಿ ಈಗಲೇ ಒಂದು ಚೌಕ ಮಾಡಿಟ್ಟಿದ್ದೇನೆ. ಅತ್ತೆ ಅದನ್ನು ನೋಡಿ ಹೋಗಿ, ಮತ್ತೆ ಬಂದು ಕೇಳುತ್ತಿದ್ದಾರೆ: “ಇಷ್ಟ್ ಚಿಕ್ಕದಾ?”