ನಾಬಲ್ಲೆ ದೊಡ್ಡಪ್ಪನ ಕವಾಟ

ನಮ್ಮ ದೊಡ್ಡಪ್ಪನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ನಾಬಲ್ಲೆ. ಯಾರು ಏನೇ ಹೇಳಲಿ, ಮಾತು ಮುಗಿಯುವ ಮೊದಲೇ "ನಾ ಬಲ್ಲೆ" ಎನ್ನುವ ಗಿರಾಕಿ. ಕಾರು ಕಲಿಸುವುದು ಅವನ ಕಸುಬು. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿ ಜೋಡಿಸಿಕೊಂಡ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಕಲಿಯಲು ಬಂದವರ ವಂಶವನ್ನೆಲ್ಲ ಜಾಲಾಡುವುದೇ ಅವನ ಪಾಠ.

ಮೊಣಕಾಲು ನೋವೆಂದು ವರ್ಷಗಟ್ಟಲೆ ತಾನೇ ವೈದ್ಯನಾಗಿ ಮಾತ್ರೆ ನುಂಗಿದ. ಕೊನೆಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಆ ಮಾತ್ರೆಗಳಿಂದ ಕಿಡ್ನಿ ಅರ್ಧಕ್ಕರ್ಧ ಸೋತಿದೆ, ಹೃದಯವನ್ನೂ ಒಮ್ಮೆ ಸ್ಕ್ಯಾನ್ ಮಾಡಿಸಿ ಎಂದರು. ಮನೆಗೆ ಬಂದು ನಕ್ಕ.

"ಸೊಂಟದ ಹತ್ರ ಇರೋ ಕಿಡ್ನಿಗೂ ಎದೇಲಿರೋ ಹಾರ್ಟಿಗೂ ಏನ್ ನಂಟು? ಟಯರ್ ಪಂಕ್ಚರ್ ಆದ್ರೆ ಸ್ಟೀರಿಂಗ್ ಬಿಚ್ತಾರಾ?"

"ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದಳು ದೊಡ್ಡಮ್ಮ. "ಗೋಡೆಯಾದ್ರೂ ಸುಮ್ನಿರತ್ತೆ."

ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಮೆಟ್ಟಿಲು ಕಟ್ಟಿದ ಮೇಸ್ತ್ರಿಯನ್ನು ಬೈದ. ಪಾದ ಊದಿ ಬೂಟು ಹಿಡಿಸದಾದಾಗ ಬೂಟು ಹೊಲಿದವನನ್ನು ಬೈದ.

ಒಂದು ಬೆಳಿಗ್ಗೆ ಏರು ರಸ್ತೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿಗೆ ಪಾಠ ನಡೆದಿತ್ತು. ಅವಳನ್ನು ಗದರುತ್ತಿದ್ದಂತೆಯೇ ಕಣ್ಣು ಕತ್ತಲಿಟ್ಟು ಬಾಗಿಲಿಗೆ ಒರಗಿಬಿಟ್ಟ. ಅವಳು ಕಾರನ್ನು ನೇರ ಆಸ್ಪತ್ರೆಗೇ ಓಡಿಸಿದಳು. ದಾರಿಯಲ್ಲಿ ಎಚ್ಚರವಾದವನ ಮೊದಲ ಮಾತು, "ಎರಡನೇ ಗೇರಿಗೆ ಹಾಕ್ರೀ!"

"ಬಾಯ್ ಮುಚ್ಕೊಂಡು ಉಸಿರಾಡಿ ಸಾರ್," ಎಂದಳಂತೆ.

ಹೃದಯದ ಡಾಕ್ಟರು ಬಿಡಿಸಿ ಹೇಳಿದರು: "ಕಿಡ್ನಿ ಸೋತ್ರೆ ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಹದ ತಪ್ಪತ್ತೆ. ವಾಲ್ವಿನ ಮೇಲೆ ಬೇಗ ಸುಣ್ಣ ಕಟ್ಟತ್ತೆ. ನಿಮ್ಮ ಹೃದಯದಿಂದ ರಕ್ತ ಹೊರಗೆ ಹೋಗೋ ಬಾಗಿಲು ಕಲ್ಲಿನ ಹಾಗಾಗಿದೆ, ಸರಿಯಾಗಿ ತೆರೀತಾನೇ ಇಲ್ಲ. ಬದಲಾಯಿಸ್ಲೇಬೇಕು."

"ನಾ ಬ..." ಎಂದು ದೊಡ್ಡಪ್ಪ ಬಾಯಿ ತೆರೆದ.

"ಇನ್ನೊಂದಕ್ಷರ ಆಡಿದ್ರೆ ನಾನು ಎದ್ದು ಹೋಗ್ತೀನಿ," ಎಂದಳು ದೊಡ್ಡಮ್ಮ. ಅವನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಪೆನ್ನು ಕೇಳಿದ. ಸಾಸಿವೆ ಸಿಡಿಯುವಷ್ಟು ಹೊತ್ತು, ಜೊತೆಗೆ ಹೋಗಿದ್ದ ನನಗೂ ಅಯ್ಯೋ ಎನಿಸಿತು.

ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂರಿಸಿದರು. ನೋವಿನ ಮಾತ್ರೆ ಬಿಡಿಸಿ, ಉಪ್ಪಿಗೆ ಕಡಿವಾಣ ಹಾಕಿ, ಉಳಿದ ಕಿಡ್ನಿಯನ್ನಾದರೂ ಕಾಪಾಡಿಕೋ ಎಂದು ಕಳಿಸಿದರು. ಹಣ್ಣು ಹಿಡಿದು ನೋಡಲು ಬಂದ ಆ ಹೆಂಗಸಿಗೆ ಕೃತಜ್ಞತೆಯ ಒಂದು ಮಾತಿಲ್ಲ. "ಅವತ್ತು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿರ್ಲಿಲ್ಲ ನೀವು," ಎಂದ ಪುಣ್ಯಾತ್ಮ.

ದೊಡ್ಡಮ್ಮ ಅವಳನ್ನು ಗೇಟಿನವರೆಗೆ ಕಳಿಸಿಕೊಟ್ಟು ಬಂದಳು. ಮರುವಾರದಿಂದ ತಾನೂ ಕಾರು ಕಲಿಯತೊಡಗಿದಳು, ಬೇರೆ ಸ್ಕೂಲಿನಲ್ಲಿ.

"ಇವರು ಮತ್ತೆ ಬಿದ್ರೆ ಯಾರಾದ್ರೂ ಓಡಿಸ್ಬೇಕಲ್ಲ," ಎಂದಳು.