ತೀರಾ ಸರಿಯಾಗಿ ಬಂದ ಐರಿಶ್ ವಾಕ್ಯ

1988ರ ಅಕ್ಟೋಬರ್, ಒಂದು ಗುರುವಾರ ಬೆಳಗ್ಗೆ ಒಂಬತ್ತು ಗಂಟೆ. ಅಮೆರಿಕದ ಪಿಸ್ಕಾಟವೇ ಊರಿನಲ್ಲಿ ನಮ್ಮ ಕಂಪನಿಯ ಕೈಪಿಡಿ ವಿಭಾಗದಲ್ಲಿ ಮೂವರಿದ್ದೆವು: ಅನುವಾದಗಳ ಪರಿಶೀಲಕನಾದ ನಾನು, ಪವರ್ ಸಪ್ಲೈ ಯೂನಿಟ್ ವಿನ್ಯಾಸ ಮಾಡಿದ ಧಾರವಾಡದ ಕುಲಕರ್ಣಿ ಮತ್ತು ಐರಿಶ್ ಅನುವಾದಕಿ ಮೋರಾ. ಐರ್ಲೆಂಡಿನಲ್ಲಿ ಐರಿಶ್ ಮಾತನಾಡುವ ಊರೊಂದರ ತಾಂತ್ರಿಕ ಶಾಲೆಗೆ ಯೂನಿಟ್‌ಗಳು ಅಂದೇ ಸಂಜೆ ಹೊರಡಬೇಕಿತ್ತು. ಎಚ್ಚರಿಕೆಯ ಸ್ಟಿಕರ್‌ಗೆ ನನ್ನ ಸಹಿ ಬಾಕಿ ಇತ್ತು.

ಅದರಲ್ಲಿದ್ದದ್ದು ಒಂದೇ ವಾಕ್ಯ: ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಆಮೇಲೆ ಮುಚ್ಚಳ ತೆಗೆಯಿರಿ. ಕೆಪಾಸಿಟರ್ ವಿದ್ಯುತ್ತನ್ನು ಹಿಡಿದಿಡುವ ಭಾಗ, ಡಿಸ್ಚಾರ್ಜ್ ಎಂದರೆ ಅದನ್ನು ಖಾಲಿ ಮಾಡುವುದು. ಖಾಲಿ ಮಾಡದಿದ್ದರೆ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಶಾಕ್ ಕೊಡಬಲ್ಲದು. ಮೋರಾ ನಿಘಂಟು ನೋಡಿ ಕೆಪಾಸಿಟರ್‌ಗೆ ‘ಟಿಲ್ಯೋರ್’ ಎಂಬ ಪದ ಹಾಕಿದ್ದರು. ನಮ್ಮ ನಿಯಮದಂತೆ, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರಬೇಕು. ಹಾಗೆ ತಂದವರು ಮೋರಾ ಅವರ ಸೋದರಮಾವ, ಹತ್ತಿರದ ಹ್ಯಾರಿಸನ್ ಊರಿನ ಎಲೆಕ್ಟ್ರಿಷಿಯನ್ ಪಾಡ್ರಿಗ್. ಅವರ ಇಂಗ್ಲಿಷ್ ಅಲ್ಪವಿರಾಮದ ಸಮೇತ ನಮ್ಮ ಮೂಲದಂತೆಯೇ ಇತ್ತು. ನನಗೆ ಸಂಶಯ ಬಂದದ್ದು ಅಲ್ಲೇ. ಎರಡು ಸಲ ಭಾಷೆ ದಾಟಿದ ವಾಕ್ಯ ಎಲ್ಲಾದರೂ ಸ್ವಲ್ಪ ಬದಲಾಗಿರುತ್ತದೆ.

“ರಾಯರ, ತಪ್ಪಿದ್ರ ಬೈತೀರಿ, ಸರಿ ಇದ್ರ ಸಂಶಯ ಪಡ್ತೀರಿ. ಮನ್ಯಾಗ ಕಾಫಿಗೂ ಇನ್‌ಸ್ಪೆಕ್ಷನ್ ಅದ ಏನು?” ಎಂದರು ಕುಲಕರ್ಣಿ.

“ಇದೆ. ಒಂದು ಯೂನಿಟ್ ತನ್ನಿ. ಮೊದಲು ನೀವೇ ಡಿಸ್ಚಾರ್ಜ್ ಮಾಡಿಬಿಡಿ.”

ಫೋನ್ ಮಾಡಿ ಪಾಡ್ರಿಗ್‌ರನ್ನು ಕರೆಸಿದೆ. ಮೋರಾ ಬಾಯಿ ಬಿಡಬಾರದೆಂದು ಹೇಳಿ, ಐರಿಶ್ ವಾಕ್ಯವನ್ನು ಅವರ ಮುಂದಿಟ್ಟು, ಅದರಂತೆ ಮಾಡಿ ಎಂದೆ. ಅವರು ಪ್ಲಗ್ ಕಿತ್ತರು. ಫ್ಯೂಸ್ ತೆಗೆದು ಮೇಜಿನ ಮೇಲಿಟ್ಟರು. ನೇರವಾಗಿ ಮುಚ್ಚಳದ ಸ್ಕ್ರೂ ಬಿಚ್ಚತೊಡಗಿದರು. ಕುಲಕರ್ಣಿಯವರ ನಗು ನಿಂತಿತು.

ಟಿಲ್ಯೋರ್ ಎಂದರೆ ಫ್ಯೂಸ್ ಇರಬೇಕು, ಅದನ್ನು ಖಾಲಿ ಮಾಡುವುದೆಂದರೆ ಕಿತ್ತಿಡುವುದು ಎಂದು ಪಾಡ್ರಿಗ್ ಊಹಿಸಿದ್ದರು. ಐರಿಶ್ ಅವರ ಮನೆಮಾತು, ಕೆಲಸ ಕಲಿತದ್ದು ಮಾತ್ರ ಇಲ್ಲಿ, ಇಂಗ್ಲಿಷಿನಲ್ಲಿ. ಮರುಅನುವಾದ ಮಾಡುವಾಗ, ಗೊತ್ತಿಲ್ಲದ ಆ ಪದದ ಜಾಗವನ್ನು ಅವರು ಖಾಲಿ ಬಿಟ್ಟಿದ್ದರಂತೆ. ಕಾಗದ ನನಗೆ ತಲುಪುವ ಮೊದಲು ಅದನ್ನು ತುಂಬಿ, ಇಡೀ ವಾಕ್ಯವನ್ನು ಮೂಲದಂತೆ ತಿದ್ದಿದವರು ಮೋರಾ.

“ಖಾಲಿ ಜಾಗ ನೋಡಿದರೆ ನನ್ನನ್ನು ಕೆಲಸದಿಂದ ತೆಗೆಯುತ್ತೀರಿ ಅಂತ ಹೆದರಿದೆ,” ಎಂದರು ಮೋರಾ.

“ನನಗೆ ಬೇಕಿದ್ದದ್ದೇ ಆ ಖಾಲಿ ಜಾಗ. ಕೂತು ಬರೆಯಿರಿ.”

ಪದವನ್ನು ಉಳಿಸಿ, ‘ಪ್ಲಗ್ ಕಿತ್ತ ಮೇಲೂ ವಿದ್ಯುತ್ ಇರುವ ಭಾಗ’ ಎಂಬ ವಿವರಣೆ ಸೇರಿಸಿದೆವು. ಪಾಡ್ರಿಗ್‌ಗೆ ಈಗ ಉತ್ತರ ಗೊತ್ತಾಗಿತ್ತು. ಹಾಗಾಗಿ ಐರಿಶ್ ಬಲ್ಲ ಅವರ ಹೆಂಡತಿಗೆ ಮೋರಾ ಅವರಿಂದ ಫೋನಿನಲ್ಲಿ ಓದಿಸಿ, ಉತ್ತರವನ್ನು ಇಂಗ್ಲಿಷಿನಲ್ಲಿ ನನಗೇ ಹೇಳಬೇಕೆಂದೆ.

“ಕಿತ್ತ ಮೇಲೂ ಕರೆಂಟ್ ಇರುತ್ತದಾ? ಹಾಗಾದರೆ ನಾನು ಮುಟ್ಟುವುದಿಲ್ಲ. ನನ್ನ ಗಂಡನಿಗೂ ಮುಟ್ಟಬೇಡ ಅಂತ ಹೇಳಿ,” ಎಂದರು ಆಕೆ.

ಎಚ್ಚರಿಕೆಯ ಅನುವಾದವನ್ನು ಓದುವವರ ಕೈ ಏನು ಮಾಡುತ್ತದೆಂದು ನೋಡಿ ಅಳೆಯಬೇಕೆಂದು ಕಲಿತದ್ದು ಅಂದು. ಮೋರಾ ಕೆಲಸದಲ್ಲಿ ಉಳಿದರು. ಆದರೆ ಮರುಅನುವಾದ ಇನ್ನು ನೇರ ನನ್ನ ಮೇಜಿಗೇ ಬರಬೇಕೆಂದು ಹೇಳಿದೆ. ಸಂಜೆ ಐದಕ್ಕೆ ಸಹಿ ಹಾಕಿ, ಕೊನೆಯ ಯೂನಿಟ್‌ಗೆ ಸ್ಟಿಕರನ್ನು ನಾನೇ ಅಂಟಿಸಿದೆ.