ಕಾಮನಬಿಲ್ಲಿಗೆ ಒತ್ತು ಎಲ್ಲಿ?

ನಾವು ಕನ್ನಡಿಗರು ಯಾವ ಪದ ಸಿಕ್ಕರೂ ಅದರ ಮೊದಲಕ್ಷರದ ಮೇಲೆ ಕೂತುಬಿಡುತ್ತೇವೆ, ಪಂಕ್ತಿಯಲ್ಲಿ ಮೊದಲ ಎಲೆ ಹಿಡಿಯುವವರ ಹಾಗೆ. ಇದು ನನಗೆ ಹೊಳೆದದ್ದು ಎಪ್ಪತ್ತರ ದಶಕದಲ್ಲಿ, ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ, ನನ್ನ ಹೆಂಡತಿ ಶಾರದೆ ಫ್ರೆಂಚ್ ಕಲಿಯುತ್ತಿದ್ದಾಗ.

ಮೌಖಿಕ ಪರೀಕ್ಷೆಯಲ್ಲಿ ಅವಳು ಒಮ್ಮೆ ಫೇಲಾಗಿದ್ದಳು. ಈ ಸಲ ಪಾಸಾದರೆ ರಾಜಾಜಿನಗರದ ಶಾಲೆಯೊಂದರಲ್ಲಿ ಕೆಲಸ ಕಾದಿತ್ತು. ಅವಳನ್ನು ಕೆಡವಿದ್ದು ಜೋಡಿಪದಗಳು. ನಾನೋ ಕನ್ನಡ ಮೇಷ್ಟ್ರು. ಸಮಾಸ ಬಿಡಿಸದಿದ್ದರೆ ಅನ್ನ ಅರಗದು. ಕರೆಯದೆಯೇ ನೆರವಿಗೆ ಹೋದೆ. ಫ್ರೆಂಚರ ಕಾಮನಬಿಲ್ಲೂ ಜೋಡಿಪದವೇ: 'ಆರ್ಕ್' ಎಂದರೆ ಬಿಲ್ಲು, 'ಆಂ' ಎಂದರೆ ಒಳಗೆ, 'ಸಿಯೆಲ್' ಎಂದರೆ ಆಕಾಶ. ಮೂರು ತುಂಡು ಮಾಡಿ, ಮೊದಲನೆಯದನ್ನು ಗುದ್ದಿ ಹೇಳಿದೆ.

"ಹಂಗಲ್ಲ ಕಣ್ರೀ," ಎಂದಳು. "ಆ ಕಕಾರ ಮುಂದಕ್ಕೆ ಹಾರುತ್ತೆ. ಆರ್, ಕಾಂ, ಸಿಯೆಲ್. ಒತ್ತು ಕೊನೇದಕ್ಕೆ. ಗೊತ್ತಿದೆ, ಆದ್ರೆ ನಾಲಿಗೆ ಕೇಳಲ್ಲ."

ಅಂದು ಸಂಜೆ ಪಕ್ಕದ ಮನೆಯ ಪಾರ್ವತಮ್ಮ ಗೇಟಿನಲ್ಲಿ ನಿಂತು ಮಗಳನ್ನು ಕೂಗಿದರು: "ಸುಜಾತಾಽಽ!"

ಶಾರದೆ ಸೌಟು ಹಿಡಿದೇ ಹೊರಗೆ ಬಂದಳು. "ಕೇಳಿದ್ರಾ? ಕರೆಯೋವಾಗ ನಾವೂ ಕೊನೇ ಅಕ್ಷರಕ್ಕೇ ಭಾರ ಹಾಕ್ತೀವಿ!"

ದೂರದವರನ್ನು ಕರೆಯುವಾಗ ಕೊನೆಯ ಸ್ವರ ಉದ್ದಕ್ಕೆ ಎಳೆದು ಪ್ಲುತವಾಗುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದವನು ನಾನೇ. ಆದರೆ ಅದು ನನಗೆ ಬರೀ ಸೂತ್ರವಾಗಿತ್ತು. ಒಗ್ಗರಣೆಯ ಸದ್ದಿನ ನಡುವೆ ಅದನ್ನು ನಿಜವಾಗಿ ಕೇಳಿಸಿಕೊಂಡವಳು ಅವಳು.

ಅಲ್ಲಿಂದ ಮುಂದೆ ಅವಳು ಫ್ರೆಂಚ್ ಪದಗಳನ್ನು ಓದಲಿಲ್ಲ, ಕರೆದಳು. ಹೂಕೋಸು ಹೆಚ್ಚುತ್ತಾ ಅದನ್ನೇ 'ಷೂ-ಫ್ಲರ್' ಎಂದು ಕರೆದಳು. "ಯಾರಮ್ಮಾ ಅದು, ನೆಂಟರಾ?" ಎಂದು ಪಾರ್ವತಮ್ಮ ಗೋಡೆಯಾಚೆಯಿಂದ ವಿಚಾರಿಸಿದರು. ದಿನ ಕಳೆದಂತೆ ಕೂಗು ತಗ್ಗಿ ಮಾತಾಯಿತು. ಎಳೆತ ಹೋಗಿ ಪದದ ತುದಿಯಲ್ಲಿ ಹಗುರವಾದ ಒಂದು ಒರಗು ಮಾತ್ರ ಉಳಿಯಿತು. ಅಷ್ಟು ಚೆಂದದ ಉಚ್ಚಾರಣೆ ನಮ್ಮ ಅಡುಗೆಮನೆಯಿಂದ ಬರುತ್ತಿದೆಯೆಂದು ನಂಬಲು ನಾನು ಎರಡೆರಡು ಸಲ ಇಣುಕಿ ನೋಡುತ್ತಿದ್ದೆ.

ಪರೀಕ್ಷೆಯ ದಿನ ಹೊರಗಿನ ಬೆಂಚಿನ ಮೇಲೆ ಬೆವರುತ್ತಾ ಕೂತಿದ್ದವನು ನಾನು. ಬಾಗಿಲು ತೆರೆದು ಬಂದ ಅವಳ ಮುಖ ನೋಡಿಯೇ ತಿಳಿಯಿತು.

"ಪಾಸು ಕಣ್ರೀ! ಪರೀಕ್ಷೆ ತಗೊಂಡ ಮೇಡಂ ಕಾಮನಬಿಲ್ಲನ್ನ ಎರಡು ಸಲ ಹೇಳಿಸಿದ್ರು. ತಪ್ಪಾಯ್ತೇನೋ ಅಂದ್ಕೊಂಡೆ. ಆಮೇಲೆ ಅಂದ್ರು, ಕೇಳೋಕೆ ಚೆನ್ನಾಗಿತ್ತು, ಅದಕ್ಕೇ ಇನ್ನೊಂದ್ಸಲ ಹೇಳಿಸ್ದೆ ಅಂತ."

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಪರೀಕ್ಷೆಯ ಕಥೆ ಹೇಳಿದಳು. ನಡುವೆ ತಿದ್ದಲು ನನಗೆ ನಾಲ್ಕಾರು ಅವಕಾಶ ಸಿಕ್ಕಿದವು. ಬಾಯಿ ಬಿಡಲಿಲ್ಲ. ಮಾತಿನ ತೂಕ ಕೊನೆಯಲ್ಲಿರುವುದಾದರೆ, ಅಲ್ಲಿಯವರೆಗೆ ಕಾಯುವುದಷ್ಟೇ ಕೇಳುವವನ ಕೆಲಸ.